ವಿವರಣೆ: ಪಾರ್ಕಿಂಗ್ ಶುಲ್ಕಕ್ಕೆ ವ್ಯಾಪಾರಿಗಳೇ ಒಪ್ಪಿದ ಊರಿನ ಕತೆ

ಮಾರ್ಕೆಟ್ ಬೀದಿಯ ಪಾರ್ಕಿಂಗ್‌ಗೆ ನಗರಾಡಳಿತ ಕೈ ಹಾಕಿದರೆ ಮೊದಲು ದನಿ ಎತ್ತೋದು ಅಲ್ಲಿನ ವ್ಯಾಪಾರಿಗಳು. ಗಾಂಧಿ ಬಜಾರ್ ರಸ್ತೆಯನ್ನು ಪಾದಚಾರಿ ಸ್ನೇಹಿ ಮಾಡುವ ಯೋಜನೆ ಬಂದಾಗ ಬೆಂಗಳೂರು ಇದನ್ನೇ ನೋಡಿತು. 'ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂದ್ರೆ ಗಿರಾಕಿ ಮಾಲ್‌ಗೆ ಹೋಗ್ತಾನೆ' ಎಂಬ ಭಯ ಸುಳ್ಳೇನಲ್ಲ. ಬಾಡಿಗೆ ಕಟ್ಟಬೇಕಾದವರು ಅವರು, ಯೋಜನೆ ಬರೆದ ಅಧಿಕಾರಿಯಲ್ಲ.

ಹಾಗಾದರೆ ಈ ಆತಂಕಕ್ಕೆ ನಗರಸಭೆ ಹೇಗೆ ಸ್ಪಂದಿಸಬೇಕು? ಇದಕ್ಕೆ ನಗರ ಯೋಜಕರು ಹೆಚ್ಚಾಗಿ ಕೊಡುವ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ.

ಅಲ್ಲಿ ಸಮಸ್ಯೆ ಏನಿತ್ತು?

ಓಲ್ಡ್ ಪ್ಯಾಸಡೀನಾ ಆ ನಗರದ ಹಳೇ ಪೇಟೆ. 1970ರ ದಶಕದ ಹೊತ್ತಿಗೆ ಅದು ಪಾಳು ಬಿದ್ದಂತಿತ್ತು. ಪಕ್ಕದಲ್ಲೇ ಪಾರಂಪರಿಕ ಕಟ್ಟಡಗಳನ್ನು ಕೆಡವಿ, ಸರ್ಕಾರದ ದುಡ್ಡಿನ ನೆರವಿನಲ್ಲಿ, ಬೇಕಾದಷ್ಟು ಪಾರ್ಕಿಂಗ್ ಇರುವ ಮಾಲ್ ಕಟ್ಟಲಾಯಿತು. ಹಳೇ ಪೇಟೆಯ ಅಂಗಡಿಗಳಿಗೆ ಸ್ವಂತ ಪಾರ್ಕಿಂಗ್ ಕಟ್ಟಲು ಜಾಗವೇ ಇರಲಿಲ್ಲ. 1987ರಲ್ಲಿ ನಗರಾಡಳಿತ ಒಂದು ದಾರಿ ತೆರೆಯಿತು: ಪ್ರತಿ ಅಂಗಡಿಯೂ ಪಾರ್ಕಿಂಗ್ ಕಟ್ಟಬೇಕಿಲ್ಲ, ಸಾರ್ವಜನಿಕ ಪಾರ್ಕಿಂಗ್ ಕಟ್ಟಡದಲ್ಲಿನ ಜಾಗಕ್ಕೆ ವರ್ಷಕ್ಕಿಷ್ಟು ಎಂದು ಸಣ್ಣ ಶುಲ್ಕ ಕಟ್ಟಿದರೆ ಸಾಕು.

ಆದರೂ ರಸ್ತೆ ಬದಿಯ ಜಾಗ ಸದಾ ಭರ್ತಿ. ಅಲ್ಲಿ ಪಾರ್ಕಿಂಗ್ ಉಚಿತ, ಎರಡು ಗಂಟೆಯ ಮಿತಿ ಮಾತ್ರ ಇತ್ತು. ಅಂಗಡಿಗಳ ಸಿಬ್ಬಂದಿಯೇ ಬಾಗಿಲ ಮುಂದೆ ಕಾರು ನಿಲ್ಲಿಸಿ, ದಂಡ ತಪ್ಪಿಸಿಕೊಳ್ಳಲು ಎರಡು ಗಂಟೆಗೊಮ್ಮೆ ಬಂದು ಅದನ್ನು ಆಚೀಚೆ ಸರಿಸುತ್ತಿದ್ದರು!

ಸಣ್ಣ ಲೆಕ್ಕ ಹಾಕೋಣ. ಒಂದು ಬೀದಿಯಲ್ಲಿ ಹತ್ತು ಕಾರಿನ ಜಾಗ, ವ್ಯಾಪಾರ ದಿನಕ್ಕೆ ಹತ್ತು ಗಂಟೆ ಅಂದುಕೊಳ್ಳಿ. ಬೆಳಿಗ್ಗೆ ಬಂದ ಕಾರು ರಾತ್ರಿ ಹೊರಟರೆ ಆ ಬೀದಿಗೆ ಬಂದದ್ದು ಹತ್ತೇ ಕಾರು. ಒಂದೊಂದು ಗಂಟೆಗೆ ಜಾಗ ಖಾಲಿಯಾದರೆ ನೂರು ಕಾರು. ಜಾಗ ಅಷ್ಟೇ, ಗಿರಾಕಿಗಳು ಹತ್ತು ಪಟ್ಟು. ಶುಲ್ಕದ ಕೆಲಸ ಮುಖ್ಯವಾಗಿ ಇದು, ಖಜಾನೆ ತುಂಬೋದು ಆಮೇಲಿನ ಮಾತು.

ವ್ಯಾಪಾರಿಗಳು ಒಪ್ಪಿದ್ದು ಹೇಗೆ?

ಮೀಟರ್ ಹಾಕುವ ಪ್ರಸ್ತಾವನೆ ಬಂದಾಗ ವ್ಯಾಪಾರಿಗಳು, ಕಟ್ಟಡ ಮಾಲೀಕರು ವಿರೋಧಿಸಿದರು. ಜಗ್ಗಾಟ ಸುಮಾರು ಎರಡು ವರ್ಷ ನಡೆಯಿತು. ಕೊನೆಗೆ ನಗರಾಡಳಿತ ಒಂದು ಮಾತು ಕೊಟ್ಟಿತು: ಇಲ್ಲಿನ ಮೀಟರ್ ಆದಾಯವೆಲ್ಲ ಈ ಪೇಟೆಗೇ ಖರ್ಚಾಗುತ್ತದೆ.

ಅಲ್ಲಿಗೆ ಚರ್ಚೆಯ ದಿಕ್ಕೇ ಬದಲಾಯಿತು. 1993ರಲ್ಲಿ ಮೀಟರ್‌ಗಳು ಬಂದವು, ದರ ಗಂಟೆಗೆ 1 ಡಾಲರ್. ಸಂಜೆ ಮತ್ತು ಭಾನುವಾರವೂ ಶುಲ್ಕ ಇರಲಿ ಎಂಬುದಕ್ಕೂ ವ್ಯಾಪಾರಿಗಳು ಒಪ್ಪಿದರು. ಖರ್ಚಿನ ಆದ್ಯತೆ ಸೂಚಿಸಲು ವ್ಯಾಪಾರಿಗಳು ಮತ್ತು ಮಾಲೀಕರಿರುವ ಸಲಹಾ ಮಂಡಳಿ ರಚನೆಯಾಯಿತು. ಮುಂದೆ ಬರುವ ಆದಾಯದ ಮೇಲೆ ನಗರಾಡಳಿತ 50 ಲಕ್ಷ ಡಾಲರ್ ಸಾಲ ಎತ್ತಿ ಫುಟ್‌ಪಾತ್, ದೀಪ, ಮರ, ಹಿಂದಿನ ಓಣಿಗಳನ್ನು ಸರಿಮಾಡಿತು. ದುಡ್ಡು ಕೊಟ್ಟ ಬೀದಿಯಲ್ಲೇ ಕೆಲಸ ಕಣ್ಣಿಗೆ ಕಂಡಿತು. 2001ರ ಹೊತ್ತಿಗೆ ಸುಮಾರು 690 ಮೀಟರ್‌ಗಳಿಂದ ವರ್ಷಕ್ಕೆ 12 ಲಕ್ಷ ಡಾಲರ್ ನಿವ್ವಳ ಆದಾಯ ಬರುತ್ತಿತ್ತು. ಅದೇ ಹೊತ್ತಿಗೆ ಪಕ್ಕದ ಆ ಮಾಲ್ ಅನ್ನೇ ಕೆಡವಲಾಯಿತು.

ಇದಕ್ಕೆ ವಿರುದ್ಧ ಉದಾಹರಣೆಯೂ ಹತ್ತಿರದಲ್ಲೇ ಇದೆ. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ವಿಲೇಜ್‌ನಲ್ಲಿ 1994ರಲ್ಲಿ ವ್ಯಾಪಾರಿಗಳ ಒತ್ತಾಯಕ್ಕೆ ಮೀಟರ್ ದರವನ್ನು 1 ಡಾಲರ್‌ನಿಂದ 50 ಸೆಂಟ್‌ಗೆ ಇಳಿಸಲಾಯಿತು. ಜಾಗ ಇನ್ನಷ್ಟು ತುಂಬಿತು, ಪೇಟೆ ಚೇತರಿಸಿಕೊಳ್ಳಲಿಲ್ಲ. ಈ ಎರಡೂ ಪೇಟೆಗಳನ್ನು ಹೋಲಿಸಿ ಬರೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್. ಬರೀ ಮೀಟರ್‌ನಿಂದಲೇ ಪ್ಯಾಸಡೀನಾ ಎದ್ದು ನಿಂತಿತು ಅನ್ನೋದು ಅತಿಯಾದೀತು. ಹಳೇ ಕಟ್ಟಡಗಳನ್ನು ಉಳಿಸಿಕೊಂಡದ್ದೂ ಅಷ್ಟೇ ಮುಖ್ಯ. ಆದರೆ ಮೀಟರ್ ಬಂದರೆ ಪೇಟೆ ಸಾಯುತ್ತೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ.

ಬೆಂಗಳೂರಿಗೆ ಬಂದರೆ?

2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ 2.0 ಉಚಿತ ನಿಲುಗಡೆಯಿಂದ ಶುಲ್ಕದ ನಿಲುಗಡೆಗೆ ಸಾಗಬೇಕು ಎನ್ನುತ್ತದೆ. 2024ರಲ್ಲಿ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ ತೆರೆಯಿತು: 556 ಕಾರು, 445 ಬೈಕ್‌ಗಳ ಸಾಮರ್ಥ್ಯ. ಪಕ್ಕದ ಬೀದಿಗಳಲ್ಲಿ ಬಿಟ್ಟಿಯಾಗಿ ನಿಲ್ಲಿಸಬಹುದಾದರೆ ದುಡ್ಡು ಕೊಟ್ಟು ಮೇಲಿನ ಮಹಡಿಗೆ ಹತ್ತೋರು ಯಾರು? ಕಟ್ಟಡ ಮತ್ತು ಬೀದಿಯ ದರವನ್ನು ಒಟ್ಟಿಗೇ ಯೋಚಿಸಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ: ಆ ಮಾತು ಕೊಡೋಕೆ ಇಲ್ಲಿ ಯಾರಿದ್ದರು? ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆಯುವ ಮೊದಲೇ, 2025ರ ಸೆಪ್ಟೆಂಬರ್‌ನಲ್ಲಿ, ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಐದು ವರ್ಷ ವ್ಯಾಪಾರಿ ಅಹವಾಲು ಹಿಡಿದು ಹೋಗಬೇಕಿದ್ದದ್ದು ಅಧಿಕಾರಿಯ ಬಳಿಗೆ, ಇಲ್ಲವೇ ಶಾಸಕರ ಬಳಿಗೆ. ವರ್ಗಾವಣೆಯಾಗಿ ಹೋಗುವ ಅಧಿಕಾರಿ 'ಈ ದುಡ್ಡು ನಿಮ್ಮ ಬೀದಿಗೇ' ಅಂದರೆ ನಂಬೋದು ಹೇಗೆ?

ಪ್ಯಾಸಡೀನಾ ಮಾದರಿಯನ್ನು ಹಾಗೇ ತಂದರೂ ಸಾಲದು. ಅಲ್ಲಿನ ಮಂಡಳಿಯಲ್ಲಿದ್ದದ್ದು ವ್ಯಾಪಾರಿಗಳು, ಮಾಲೀಕರು. ನಮ್ಮ ಪೇಟೆಗಳ ಅರ್ಧ ಜೀವ ಹೂವು, ಹಣ್ಣು, ತರಕಾರಿ ಮಾರುವವರ ಬಳಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ಪಾರ್ಕಿಂಗ್ ದುಡ್ಡಿನ ಮೇಜಿನಲ್ಲೂ ಅವರಿಗೆ ಕುರ್ಚಿ ಬೇಕು. ಬಸ್ಸಿಳಿದು ನಡೆದು ಬರುವ ಗಿರಾಕಿಗೂ ಬೇಕು.

ಹಾಗಾಗಿ ಈ ಐದು ಪಾಲಿಕೆಗಳಿಗೆ ಮತ ಕೇಳಿಕೊಂಡು ಬರುವವರಿಗೆ 'ಪಾರ್ಕಿಂಗ್ ಕಟ್ಟಿಸ್ತೀರಾ?' ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಕೇಳಬೇಕಾದ್ದು ಬೇರೆ: ನಮ್ಮ ಬೀದಿಯಲ್ಲಿ ವಸೂಲಾದ ಶುಲ್ಕದಲ್ಲಿ ನಮ್ಮ ಬೀದಿಗೆ ಎಷ್ಟು ವಾಪಸ್ ಬರುತ್ತೆ, ಲೆಕ್ಕ ಯಾರು ಕೊಡ್ತಾರೆ?