ಪಟ್ಟಣದ ಪಕ್ಕದಲ್ಲೇ ಕಾಡು ಯಾಕೆ?

ಭೂಗೋಳ ಪಾಠದಲ್ಲಿ ಪಟ್ಟಣದ ಸುತ್ತ ವೃತ್ತ ಬರೆದು ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆ ವೃತ್ತಗಳ ಹಿಂದೆ ಒಬ್ಬ ಜಮೀನುದಾರನ ಲೆಕ್ಕದ ಪುಸ್ತಕ ಇದೆ.

ಯೋಹಾನ್ ಹೈನ್ರಿಕ್ ಫಾನ್ ಟ್ಯೂನೆನ್ 1810ರಿಂದ ಉತ್ತರ ಜರ್ಮನಿಯ ಟೆಲ್ಲೋದಲ್ಲಿ ಬೇಸಾಯ ಮಾಡಿಸಿದ. ವರ್ಷಗಟ್ಟಲೆ ಖರ್ಚು, ಆದಾಯ ಬರೆದಿಟ್ಟು 1826ರಲ್ಲಿ ತನ್ನ ಸಿದ್ಧಾಂತ ಅಚ್ಚು ಹಾಕಿಸಿದ.

ಪಟ್ಟಣಕ್ಕೆ ತಾಗಿದಂತೆ ಹಾಲು, ತರಕಾರಿ, ಬೇಗ ಕೆಡ್ತವಲ್ಲ! ಆಮೇಲೆ ಧಾನ್ಯ ಅಂದ್ಕೊಂಡ್ರಾ? ಅಲ್ಲ, ಕಾಡು. ಸೌದೆ ಬಲು ಭಾರ, ದೂರದಿಂದ ಗಾಡಿಯಲ್ಲಿ ತಂದರೆ ಗಿಟ್ಟಲ್ಲ. ಅದರಾಚೆ ಧಾನ್ಯ. ಕೊನೆಗೆ ದನಕರು: ಅವು ನಡೆದೇ ಸಂತೆಗೆ ಬರ್ತವೆ.

ರೈಲು ಬಂತು, ಸೌದೆ ಒಲೆ ಕಮ್ಮಿಯಾಯ್ತು, ಚಿತ್ರ ಹಳೇದಾಯ್ತು. ಪ್ರಶ್ನೆ ಹಳೇದಾಗಿಲ್ಲ: ಸಾಗಣೆ ಖರ್ಚು ಕಳೆದು ಈ ನೆಲದಲ್ಲಿ ಏನು ಮಾಡಿದರೆ ಕಾಸು ಉಳಿಯುತ್ತೆ? ಮಕ್ಕಳಿಗೆ ವೃತ್ತ ಬರೆಸುವ ಮೊದಲು ಇದನ್ನು ಕೇಳಿ. ನಿಮ್ಮೂರ ಮೊದಲ ವೃತ್ತದಲ್ಲಿ ಈಗ ಏನಿದೆ, ಸೊಪ್ಪಿನ ಮಡಿಯೋ, ಸೈಟಿನ ಕಲ್ಲೋ?