ಪಣಂಬೂರಿನ ಬಂದರು, ಕಾಟಿಪಳ್ಳದ ಬ್ಲಾಕುಗಳು

ವಸಾಹತು ಆಳ್ವಿಕೆಯಿಂದ ಹೊರಬಂದ ನಾಡುಗಳು ಮೊದಲು ಕೈಹಾಕಿದ ದೊಡ್ಡ ಕೆಲಸಗಳಲ್ಲಿ ಬಂದರು ನಿರ್ಮಾಣವೂ ಒಂದು. ಹಿಂದಿನ ಆಡಳಿತ ಬಿಟ್ಟುಹೋದ ರೈಲು, ರಸ್ತೆ, ಧಕ್ಕೆಗಳೆಲ್ಲ ಅದರ ವ್ಯಾಪಾರದ ಅನುಕೂಲಕ್ಕೆ ತಕ್ಕಂತೆ ಇದ್ದವೇ ಹೊರತು ಒಳನಾಡಿನ ಜನರ ಅಗತ್ಯಕ್ಕೆ ತಕ್ಕಂತೆ ಇರಲಿಲ್ಲ. ಪಶ್ಚಿಮ ಆಫ್ರಿಕದ ಘಾನಾದಲ್ಲಿ ತೇಮಾ, ದಕ್ಷಿಣ ಕನ್ನಡದಲ್ಲಿ ಸುರತ್ಕಲ್ಲಿನ ತೆಂಕಣ ಮಗ್ಗುಲಿನ ಪಣಂಬೂರು ಇವೆರಡೂ ಮೀನುಗಾರರ ಊರುಗಳಾಗಿದ್ದು, ಹತ್ತು ಹದಿನೈದು ವರ್ಷಗಳ ಅಂತರದಲ್ಲಿ ಬಂದರುಗಳಾದವು. ಎರಡೂ ಕಡೆ ಮೂಲ ನಿವಾಸಿಗಳು ಮನೆ ಬಿಟ್ಟು ಏಳಬೇಕಾಯಿತು.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಬೊಂಬಾಯಿ ಪ್ರಾಂತಕ್ಕೆ ಸೇರಿಸಿ, ಮಂಗಳೂರು ಸೇರಿದ ದಕ್ಷಿಣ ಭಾಗವನ್ನು ಮದರಾಸಿನಲ್ಲೇ ಉಳಿಸಿಕೊಳ್ಳಲಾಯಿತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯೇ ಆಗಿನ ಬಂದರು. ಅಳಿವೆಯ ಬಾಯಲ್ಲಿ ಮರಳು ತುಂಬಿಕೊಳ್ಳುತ್ತಿದ್ದುದರಿಂದ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನೂ, 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ ಬೆಳೆದ ಉದ್ಯಮದ ಹೆಂಚುಗಳನ್ನೂ ಮಂಜಿಗಳಲ್ಲಿ, ಅಂದರೆ ಸರಕು ಸಾಗಿಸುವ ಮರದ ಹಾಯಿದೋಣಿಗಳಲ್ಲಿ, ಹಡಗಿನವರೆಗೆ ಒಯ್ಯಬೇಕಿತ್ತು. ಮಳೆಗಾಲದಲ್ಲಿ ಇದೂ ನಿಂತುಹೋಗುತ್ತಿತ್ತು. 1907ರಲ್ಲಿ ರೈಲು ಬಂದದ್ದು ಮಲಬಾರಿನ ಕಡೆಯಿಂದ, ಮದರಾಸಿನ ಸಂಪರ್ಕಕ್ಕಾಗಿ. ಘಟ್ಟದ ಮೇಲಿನ ಮೈಸೂರು ಸೀಮೆಗೂ ಈ ಕರಾವಳಿಗೂ ಹಳಿಯ ನಂಟು ಬೆಳೆಯಲಿಲ್ಲ. ಘಾನಾದಲ್ಲಿಯೂ, ಅಂದರೆ ಆಗಿನ ಗೋಲ್ಡ್ ಕೋಸ್ಟ್ ವಸಾಹತಿನಲ್ಲಿಯೂ, ಆಕ್ರಾದ ಕಡಲತಡಿಯಿಂದ ಕೋಕೋ ಮೂಟೆಗಳನ್ನು ದೋಣಿಗಳಲ್ಲಿ ಅಲೆ ದಾಟಿಸಿ ಹಡಗಿಗೆ ಮುಟ್ಟಿಸುವುದೇ ಬಹುಕಾಲದ ಪದ್ಧತಿಯಾಗಿತ್ತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದು, ಕಾಸರಗೋಡು ಕೇರಳಕ್ಕೆ ಹೋಯಿತು. ಸರ್ವಋತು ಬಂದರಿಲ್ಲದ ರಾಜ್ಯಕ್ಕೆ ಮಂಗಳೂರು ದೊರಕಿದ್ದು ಹೊಸ ಯೋಜನೆಗಳಿಗೆ ಬಲ ಕೊಟ್ಟಿತು. ಅವುಗಳ ಬೆನ್ನು ಹತ್ತಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. 1960ರಲ್ಲಿ ಸುರತ್ಕಲ್ಲಿನ ಕಡಲ ದಂಡೆಯಲ್ಲಿ ಆರಂಭವಾದ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು (2002ರಿಂದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಇರುವ ಆವರಣಕ್ಕೆ ಶ್ರೀನಿವಾಸನಗರವೆಂಬ ಹೆಸರು ಅವರಿಂದಲೇ ಬಂದದ್ದು. 1965ರಲ್ಲಿ ತೀರಿಕೊಂಡ ಮಲ್ಯರು ಬಂದರಿನ ಉದ್ಘಾಟನೆಯನ್ನು ಕಾಣಲಿಲ್ಲ. 1962ರಲ್ಲಿ ಪಣಂಬೂರಿನಲ್ಲಿ ಆರಂಭವಾದ ಬಂದರಿನ ಕೆಲಸ ಕುಂಟುತ್ತ ಸಾಗಿ, ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಹಾಸನದಿಂದ ಘಟ್ಟ ಇಳಿದು ಬರುವ ರೈಲು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ.

ತೇಮಾದ ಬಂದರು ಕಡಲೊಳಕ್ಕೆ ಚಾಚಿದ ತಡೆಗೋಡೆಗಳ ಆಸರೆಯಲ್ಲಿ ನಿಂತಿದೆ. ಪಣಂಬೂರಿನದು ಲಗೂನ್ ಮಾದರಿಯದು, ಅಂದರೆ ದಡದ ಹಿಂದಿನ ನೆಲವನ್ನೇ ಅಗೆದು ಕೊಳವನ್ನಾಗಿಸಿ, ಹಡಗು ಬರುವಷ್ಟು ಆಳದ ಕಾಲುವೆಯಿಂದ ಅದನ್ನು ಸಮುದ್ರಕ್ಕೆ ಜೋಡಿಸಿದ ಬಂದರು. ಹಡಗುಗಳು ಇಂದು ತಂಗುವ ನೀರಿನ ಜಾಗದಲ್ಲಿ ಹಿಂದೆ ನೆಲವಿತ್ತು ಎಂಬುದನ್ನು ನೆನೆದರೆ ಜನರನ್ನು ಏಕೆ ಎಬ್ಬಿಸಬೇಕಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಡ. ನಿರ್ವಸಿತರಿಗೆ ಸುರತ್ಕಲ್ಲಿನ ಪೂರ್ವಕ್ಕೆ, ಕಡಲಿನಿಂದ ಕೆಲವು ಕಿಲೋಮೀಟರ್ ಒಳಗಿನ ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡದ ಮೇಲೆ ನಿವೇಶನ ಕೊಡಲಾಯಿತು. ಸರ್ಕಾರಿ ನಕ್ಷೆಯ ಬ್ಲಾಕ್ ಸಂಖ್ಯೆಗಳೇ ಅಲ್ಲಿ ಊರ ಹೆಸರುಗಳಾಗಿ, ಕಾಟಿಪಳ್ಳ ಮೂರನೇ ಬ್ಲಾಕ್, ಕೃಷ್ಣಾಪುರ ಏಳನೇ ಬ್ಲಾಕ್ ಎಂದೇ ವಿಳಾಸಗಳು ಇಂದಿಗೂ ನಡೆಯುತ್ತವೆ. ಆ ಕಾಲದ ಮುಖ್ಯ ಮೀನುಗಾರಿಕೆಯಾದ ರಂಪಣಿಗೆ, ಅಂದರೆ ದೋಣಿಯಲ್ಲಿ ಒಯ್ದು ಅರೆಚಂದ್ರಾಕಾರವಾಗಿ ಬಿಟ್ಟ ಉದ್ದನೆಯ ಬಲೆಯನ್ನು ಹತ್ತಾರು ಜನ ಕೂಡಿ ದಡಕ್ಕೆ ಎಳೆಯುವ ಪದ್ಧತಿಗೆ, ಮರಳದಂಡೆಯೂ ಬೇಕು, ಮೀನಿನ ಹಿಂಡು ಕಂಡೊಡನೆ ಓಡಿಬರುವಷ್ಟು ಹತ್ತಿರದಲ್ಲಿ ಆಳುಗಳೂ ಬೇಕು. ಮನೆಯ ಬದಲು ಮನೆ ಕೊಟ್ಟರೆ ಲೆಕ್ಕ ಮುಗಿಯಿತೆಂದುಕೊಂಡ ಪರಿಹಾರದ ಪದ್ಧತಿಯಲ್ಲಿ ಈ ಸಾಮೀಪ್ಯಕ್ಕೆ ಬೆಲೆ ಕಟ್ಟುವ ಕಲಮು ಇರಲಿಲ್ಲ.

ಘಾನಾ 1957ರ ಮಾರ್ಚ್ 6ರಂದು ಸ್ವತಂತ್ರವಾಗುವ ಹೊತ್ತಿಗೆ ತೇಮಾದ ಭೂಸ್ವಾಧೀನ ನಡೆದುಹೋಗಿತ್ತು. ಅಲ್ಲಿನ ಗಾ ಸಮುದಾಯದವರು ತಮ್ಮ ದೇವರ ನೆಲೆಗಳನ್ನು ಬಿಟ್ಟು ಬರಲು ಒಪ್ಪದೆ ಎಳೆದಾಡಿ, ಕೊನೆಗೆ 1959ರಲ್ಲಿ ತೇಮಾ ಮಾನ್ಹಿಯನ್ ಎಂಬ ಹೊಸ ನೆಲೆಗೆ ಹೋದರು. ತೇಮಾದ ಕಾರ್ಖಾನೆಗೆ ವಿದ್ಯುತ್ ಒದಗಿಸಿದ ವೋಲ್ಟಾ ನದಿಯ ಅಣೆಕಟ್ಟಿನ ಆಲೋಚನೆ ಬ್ರಿಟಿಷರ ಕಾಲದ್ದೇ. ಅದನ್ನು ಅಕೊಸೊಂಬೊದಲ್ಲಿ ಸಾಕಾರಗೊಳಿಸಿದವರು ಸ್ವತಂತ್ರ ಘಾನಾದ ನಾಯಕ ಕ್ವಾಮೆ ಎನ್‌ಕ್ರುಮಾ. ಸುಮಾರು 80,000 ಜನರನ್ನು ಎಬ್ಬಿಸಿದ ಆ ಅಣೆಕಟ್ಟು 1966ರ ಜನವರಿಯಲ್ಲಿ ಉದ್ಘಾಟನೆಯಾಗಿ, ಮರುತಿಂಗಳೇ ಸೇನಾ ಕ್ಷಿಪ್ರಕ್ರಾಂತಿಯಲ್ಲಿ ಅವರ ಅಧಿಕಾರ ಹೋಯಿತು. ಅಣೆಕಟ್ಟಿನ ಅಗ್ಗದ ವಿದ್ಯುತ್ತನ್ನು ಬಳಸಿದ ತೇಮಾದ ಅಲ್ಯುಮಿನಿಯಂ ಕಾರ್ಖಾನೆ ಆಗ ಅಮೆರಿಕದ ಕಂಪನಿಗಳದ್ದಾಗಿತ್ತು. ಘಾನಾದಲ್ಲೇ ಬಾಕ್ಸೈಟ್ ಅದಿರಿದ್ದರೂ, ಅದರಿಂದ ತಯಾರಾಗುವ, ಕಾರ್ಖಾನೆಗೆ ಬೇಕಾದ ಅಲ್ಯುಮಿನಾ ಹೊರದೇಶದಿಂದ ಬರುತ್ತಿತ್ತು.

ಪಣಂಬೂರಿನ ಕಥೆಯೂ ಇದರಿಂದ ತೀರ ದೂರವಿಲ್ಲ. 1975ರಲ್ಲಿ ಇರಾನಿನ ಷಾ ಸರ್ಕಾರದೊಡನೆ ಆದ ಒಪ್ಪಂದದಂತೆ, ಆ ದೇಶದ ಸಾಲದಿಂದಲೇ ಕುದುರೆಮುಖದಲ್ಲಿ ಗಣಿ ತೆರೆದು, ಪುಡಿಮಾಡಿದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದಿಂದ ಪಣಂಬೂರಿಗೆ ಹರಿಸಲಾಯಿತು. 1979ರ ಇರಾನಿನ ಕ್ರಾಂತಿಯಿಂದ ಅದಿರು ಕೊಳ್ಳಬೇಕಿದ್ದ ಗಿರಾಕಿಯೇ ಇಲ್ಲವಾದಾಗ ಯೋಜನೆ ತತ್ತರಿಸಿತು. 1987ರಲ್ಲಿ ಬಂದರಿನ ಬಳಿ ಅದಿರಿನ ಉಂಡೆ ಕಟ್ಟುವ ಘಟಕ ಬಂದರೂ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಕಳಿಸುವ ಕನಸಿನಿಂದ ಬೆಳೆದ ಬಂದರು, 1996ರಲ್ಲಿ ಸಂಸ್ಕರಣೆ ಆರಂಭಿಸಿದ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕೆ ಕಚ್ಚಾತೈಲ ತರಿಸುವ ಬಂದರಾಯಿತು. ಆ ಘಟಕದ ಸಲುವಾಗಿ ಸುರತ್ಕಲ್ಲಿನ ಪೂರ್ವದ ಹಳ್ಳಿಗಳು ಮತ್ತೊಮ್ಮೆ ಭೂಮಿ ಬಿಟ್ಟುಕೊಟ್ಟವು.

ಒಂದು ವಿಷಯದಲ್ಲಿ ಘಾನಾ ಮುಂದಿತ್ತೆನ್ನಬೇಕು. ತೇಮಾದ ಬಂದರು 1962ರಲ್ಲಿ ತೆರೆದಾಗ ಹಡಗುಗಳ ಧಕ್ಕೆಯ ಪಕ್ಕದಲ್ಲೇ ಮೀನುಗಾರಿಕಾ ಬಂದರೂ ಸೇರಿತ್ತು. ನವಮಂಗಳೂರು ಬಂದರಿನ ಬಡಗಣ ಬದಿಯ ಕುಳಾಯಿಯಲ್ಲಿ ಮೀನುಗಾರಿಕಾ ಬಂದರಿಗೆ ಅಡಿಗಲ್ಲು ಬಿದ್ದದ್ದು 2022ರ ಸೆಪ್ಟೆಂಬರ್ 2ರಂದು, ದೊಡ್ಡ ಬಂದರು ಉದ್ಘಾಟನೆಯಾಗಿ 47 ವರ್ಷಗಳು ಕಳೆದ ಮೇಲೆ.