ಅರವತ್ತಾರರ ಅಳತೆ ಮತ್ತು ಕನ್ನಡದ ಸಾಲು: ಇ-ರೀಡರ್ ಪುಟವಿನ್ಯಾಸದ ಒಂದು ಚರ್ಚೆ

ರಾಬರ್ಟ್ ಬ್ರಿಂಗ್‌ಹರ್ಸ್ಟ್ 1992ರ ತಮ್ಮ ಮುದ್ರಣಕಲೆಯ ಕೈಪಿಡಿಯಲ್ಲಿ ಸಾಲೊಂದಕ್ಕೆ 45ರಿಂದ 75 ಅಕ್ಷರಗಳು ಹಿತವೆಂದೂ 66 ಆದರ್ಶವೆಂದೂ ಹೇಳಿದರು. ರೋಮನ್ ಲಿಪಿಗೆ ಹೇಳಿದ ಈ ಮಾತು ಇಂದು ಜಾಲಪುಟ ವಿನ್ಯಾಸಕರಲ್ಲಿ ಎಲ್ಲ ಲಿಪಿಗೂ ಸಲ್ಲುವ ಸೂತ್ರವಾಗಿದೆ. ಕನ್ನಡಕ್ಕೆ, ಅದರಲ್ಲೂ ಆರಿಂಚಿನ ಇ-ರೀಡರಿಗೆ, ಅದು ಸಲ್ಲದೆಂಬುದು ಇಲ್ಲಿನ ವಾದ.

2016ರಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ತಂದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ. ಹೀಗಾಗಿ ವೈಟ್‌ಫೀಲ್ಡಿಗೋ ಪೀಣ್ಯಕ್ಕೋ ಮೆಟ್ರೋದಲ್ಲಿ ಹೋಗುತ್ತ ಓದುವ ಕನ್ನಡಿಗರಿಗೆ ಜಾಲಪುಟವನ್ನೇ ಸಾಧನಕ್ಕೆ ಒಗ್ಗಿಸಿಕೊಳ್ಳುವ ಅಗತ್ಯ ಹೆಚ್ಚು. ಇದರಲ್ಲಿ ಬಹುಪಾಲು ನಿರ್ವಿವಾದ: ಪಕ್ಕದ ಪಟ್ಟಿಗಳನ್ನು ತೆಗೆಯಬೇಕು, ಇ-ಇಂಕ್ ಪರದೆ ನಿಧಾನವಾಗಿ ಬದಲಾಗುವುದರಿಂದ ಚಲಿಸುವ ಅಂಶಗಳು ಬೇಡ, ಬಿಳಿಯ ಮೇಲೆ ದಟ್ಟ ಕಪ್ಪು ಇರಬೇಕು. ಸಾಲಿನ ಎತ್ತರವನ್ನು ಅಕ್ಷರಗಾತ್ರದ ಒಂದೂವರೆ ಪಟ್ಟಿಗೆ ಹಿಗ್ಗಿಸಿದರೂ ಪುಟ ಕೆಡಬಾರದೆಂಬ 2018ರ ಡಬ್ಲ್ಯುಸಿಎಜಿ 2.1 ಎಂಬ ಜಾಲಪುಟ ಸುಗಮ್ಯತೆಯ ಮಾರ್ಗಸೂಚಿಯ ನಿಯಮ, ಕೆಳಗಿಳಿಯುವ ಒತ್ತಕ್ಷರಗಳಿಗೆ ಇನ್ನಷ್ಟು ಒಪ್ಪುತ್ತದೆ.

ತೊಡಕಿರುವುದು ಸಾಲಿನ ಉದ್ದದಲ್ಲಿ. ಜಾಲಪುಟಗಳ ವಿನ್ಯಾಸವನ್ನು ನಿರೂಪಿಸುವ ಸಿಎಸ್‌ಎಸ್‌ನಲ್ಲಿ ಅದನ್ನು ಸಾಮಾನ್ಯವಾಗಿ ‘ಸಿಎಚ್’ ಮಾನದಲ್ಲಿ ಕೊಡುತ್ತಾರೆ. ಅದು ಅಳೆಯುವುದು ಇಂಗ್ಲಿಷ್ ಸೊನ್ನೆಯ ಅಗಲವನ್ನು. ಕನ್ನಡದ ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ. ಯೂನಿಕೋಡ್ ಸಂಕೇತಗಳನ್ನು ಎಣಿಸಿದರೂ ಫಲವಿಲ್ಲ: ‘ರಾಷ್ಟ್ರ’ದಲ್ಲಿ ಏಳು ಸಂಕೇತಗಳಿದ್ದರೂ ಇರುವುದು ಎರಡೇ ಅಕ್ಷರ, ‘ಅರಮನೆ’ಯಲ್ಲಿ ಸಂಕೇತ ಐದು, ಅಕ್ಷರ ನಾಲ್ಕು. ಎಣಿಕೆ ಏನಿದ್ದರೂ ಅಕ್ಷರದ ಘಟಕದಲ್ಲೇ ಆಗಬೇಕು.

ಆರಿಂಚಿನ ಪರದೆಯ ಅಗಲ ಸುಮಾರು 91 ಮಿಲಿಮೀಟರ್. ಅಂಚು ಕಳೆದು 78 ಉಳಿಯಿತು, ಅಕ್ಷರಕ್ಕೆ ಸರಾಸರಿ 3 ಮಿ.ಮೀ. ಬೇಕು ಎಂದಿಟ್ಟುಕೊಂಡರೆ ಸಾಲಿಗೆ 26 ಸ್ಥಾನ. ಮೂರು ಪದಗಳು 14 ಸ್ಥಾನ ತುಂಬಿದ ಮೇಲೆ ‘ಕೆಲಸಮಾಡುತ್ತಿರುವವರಿಗಾಗಿಯೇ’ ಎಂಬ ಹದಿಮೂರಕ್ಷರದ ಪದ ಬಂತೆನ್ನೋಣ. ಅದು ಹಿಡಿಸದೆ ಕೆಳಸಾಲಿಗೆ ಇಳಿಯುತ್ತದೆ. ಸಾಲನ್ನು ಎರಡೂ ಅಂಚಿಗೆ ಸಮ ಮಾಡಿದ್ದರೆ ಉಳಿದ 12 ಸ್ಥಾನಗಳು ಎರಡೇ ತೆರಪುಗಳಿಗೆ ಹಂಚಿಹೋಗಿ, ತಲಾ 18 ಮಿ.ಮೀ. ಹೆಚ್ಚುವರಿ ಬಿಳುಪು ಬೀಳುತ್ತದೆ. ಪ್ರತ್ಯಯಗಳು ಪದಕ್ಕೇ ಅಂಟುವ ಭಾಷೆಯಲ್ಲಿ ಇದು ಅಪರೂಪದ ಸಂಗತಿಯಲ್ಲ.

ಪರಿಹಾರ ಎರಡು. ಬಲ ಅಂಚನ್ನು ಸಮ ಮಾಡದೆ ಬಿಡುವುದು ಸುಲಭದ್ದು. ಇನ್ನೊಂದು, ಪದವನ್ನು ಅಕ್ಷರದ ಗಡಿಯಲ್ಲಿ ಒಡೆಯುವುದು. ಕನ್ನಡದಲ್ಲಿ ಈ ಒಡೆತಕ್ಕೆ ಅಡ್ಡಗೆರೆಯೂ ಅನಿವಾರ್ಯವಲ್ಲ ಎಂಬುದು ನನ್ನ ಸೂಚನೆ. ಇದಕ್ಕೆ ಹಳೆಯ ರೂಢಿಯ ಬೆಂಬಲವಿದೆ: ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ, ಬೆಂಗಳೂರಿನ ಹೆಸರು ಹೊತ್ತ, ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಅದು ಸೇರುವ ಶಾಸನಪರಂಪರೆಯಲ್ಲಿ ಸಾಲು ಮುಗಿದಲ್ಲಿ ಪದ ಒಡೆಯುವುದು ಸಾಮಾನ್ಯ ರೂಢಿ. ತಾಳೆಗರಿಯ ಲಿಪಿಕಾರರೂ ಹೀಗೆಯೇ ಬರೆದರು.

ಆದರೆ ಈ ಸಾಕ್ಷ್ಯವನ್ನು ಅಳತೆ ಮೀರಿ ಎಳೆಯಲಾಗದು. ಶಾಸನದಲ್ಲಿ ಪದಗಳ ನಡುವೆ ತೆರಪೇ ಇರಲಿಲ್ಲ. ಕಲ್ಲಿನ ಜಾಗ ಉಳಿಸಿದ್ದು ಓದುಗನ ಹಿತಕ್ಕಾಗಿ ಅಲ್ಲ. ಅಚ್ಚಿನ ಪುಸ್ತಕ ಓದಿ ಬೆಳೆದ ಕಣ್ಣಿನ ಅಭ್ಯಾಸವೂ ಬೇರೆ. ಆದ್ದರಿಂದ ರೂಢಿಯಿಂದ ಸಿದ್ಧವಾಗುವುದು ಇಷ್ಟೇ: ಅಕ್ಷರದ ಗಡಿಯ ಒಡೆತ ಲಿಪಿಯ ಸ್ವಭಾವಕ್ಕೆ ವಿರುದ್ಧವಲ್ಲ. ಬಳಸುವುದಾದರೂ ಒಡೆದ ಎರಡೂ ಕಡೆ ಕನಿಷ್ಠ ಎರಡೆರಡು ಅಕ್ಷರ ಉಳಿಯಬೇಕು, ಅಂಕಿತನಾಮಗಳನ್ನು ಮುಟ್ಟಬಾರದು.

ತಾಂತ್ರಿಕವಾಗಿ ಇದು ಅಸಾಧ್ಯವೇನಲ್ಲ. ಟೆಕ್ (TeX) ಎಂಬ ಅಕ್ಷರಜೋಡಣೆಯ ವ್ಯವಸ್ಥೆಗಾಗಿ ಸಂತೋಷ್ ತೊಟ್ಟಿಂಗಲ್ ರಚಿಸಿದ ಕನ್ನಡದ ಪದವಿಭಜನೆಯ ನಿಯಮಗಳು ಮುಕ್ತವಾಗಿ ಸಿಗುತ್ತವೆ. ಸಿಎಸ್‌ಎಸ್‌ನಲ್ಲಿ ಒಡೆತದ ಚಿಹ್ನೆಯನ್ನು ಖಾಲಿ ಬಿಡುವ ಅವಕಾಶವೂ ಇದೆ. ಪುಟದ ಭಾಷೆ ಕನ್ನಡವೆಂದು ಘೋಷಿಸದಿದ್ದರೆ ಮಾತ್ರ ತಂತಾನೇ ಒಡೆಯುವ ಈ ಏರ್ಪಾಟನ್ನು ನೆಚ್ಚುವಂತಿಲ್ಲ.

ಅಡ್ಡಗೆರೆಯಿಲ್ಲದ ಒಡೆತ ಓದಿನ ವೇಗವನ್ನು ತಗ್ಗಿಸುತ್ತದೆಯೇ ಎಂಬುದನ್ನು ಓದುಗರನ್ನೇ ಕೂರಿಸಿ ಪರೀಕ್ಷಿಸಬೇಕು. ಅಲ್ಲಿಯವರೆಗೆ ಬಲ ಅಂಚನ್ನು ಬಿಡುವುದೇ ಕ್ಷೇಮ. 66ರ ಸೂತ್ರವನ್ನಂತೂ ಕನ್ನಡದ ಪುಟಗಳಿಂದ ಈಗಲೇ ಕೈಬಿಡಬಹುದು.